ಟೀಚರಮ್ಮನ ಮನೆ ಶಾಲೆಯಾದಾಗ

(ಹೊಸೂರು ಕಡೆಯ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಕೂಟದಲ್ಲಿ ಒಬ್ಬ ಉಪಾಧ್ಯಾಯಿನಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅವರದು ನೆರಳಿನ ಕೆಲಸ, ನಮ್ಮದು ಬಿಸಿಲಿನ ಕೆಲಸ ಎನ್ನುವ ಲೆಕ್ಕ ನಮ್ಮ ಲೈನುಗಳಲ್ಲಿ ಹಳೆಯದು. 2020ರಲ್ಲಿ ಆ ಲೆಕ್ಕ ಉಳಿಯಲಿಲ್ಲ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಸಿಪ್‌ಕಾಟ್‌ನಲ್ಲಿ ಕಾರ್ಖಾನೆ ಗೇಟುಗಳು ಮುಚ್ಚಿದವು. ಪಾಸಿಲ್ಲದೆ ಅತ್ತಿಬೆಲೆ ಗಡಿ ದಾಟುವಂತಿರಲಿಲ್ಲ. ಕೊಳ್ಳುವವರಿಲ್ಲದೆ ಗುಲಾಬಿಯನ್ನು ಕೊಯ್ದು ತಿಪ್ಪೆಗೆ ಸುರಿದರು. ಇದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಆದರೆ ತಮಿಳುನಾಡಿನಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಕಾಲಿಟ್ಟದ್ದು 2021ರ ನವೆಂಬರ್ 1ರಂದು. ಹತ್ತೊಂಬತ್ತು ತಿಂಗಳು ದಾಟಿತ್ತು. ಅಷ್ಟು ಕಾಲ ನಡೆದಷ್ಟು ಪಾಠ ಎಲ್ಲಿ ನಡೆಯಿತು? ಹೆಚ್ಚಿನದು ಉಪಾಧ್ಯಾಯರ ಮನೆಯಲ್ಲಿ, ಅವರ ಖರ್ಚಿನಲ್ಲಿ.

ಅಕ್ಕಿ ಬೇಳೆಯ ಪಟ್ಟಿ ಹಿಡಿದು ನಾವು ಮನೆಮನೆ ತಿರುಗುತ್ತಿದ್ದಾಗ ಅಂಥ ಒಂದು ಮನೆ ಕಂಡೆವು. ಖಾಸಗಿ ಶಾಲೆಯ ಟೀಚರಮ್ಮ, ಮೂರನೆಯ ತರಗತಿಗೆ ಪಾಠ. ಗಂಡ ಕಾಂಟ್ರಾಕ್ಟ್ ಕೆಲಸಗಾರ. ಶೀಟು ಹೊದಿಸಿದ ಎರಡು ಕೋಣೆಯ ಬಾಡಿಗೆ ಮನೆ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದ್ದರು. ಹಳೆಯ ಕ್ಯಾಲೆಂಡರನ್ನು ತಿರುಗಿಸಿ ಗೋಡೆಗೆ ಹೊಡೆದು, ಅದರ ಬಿಳಿ ಬೆನ್ನಿನ ಮೇಲೆ ಮಗ್ಗಿ ಬರೆದಿದ್ದರು. ಬಟ್ಟೆ ಒಣಗಿಸುವ ಹಗ್ಗ ಮಕ್ಕಳ ತಂದೆತಾಯಿಗೆ ಕಾಣಬಾರದೆಂದು ಹಿಂದೆ ಒಂದು ಸೀರೆ ಕಟ್ಟಿದ್ದರು. ಆ ಸೀರೆಯನ್ನು ನೀವು ನೋಡಬೇಕಿತ್ತು. ಶಾಲೆಯಲ್ಲಿ ಆಕೆಗೆ ಇದ್ದ ಮರ್ಯಾದೆಯನ್ನೆಲ್ಲ ಅದೊಂದೇ ಹೊತ್ತು ನಿಂತಿತ್ತು.

ಮೊದಮೊದಲು ಬೆಳಿಗ್ಗೆ ಹತ್ತಕ್ಕೆ ಪಾಠ. ಬರುತ್ತಿದ್ದವರು ಬೆರಳೆಣಿಕೆಯ ಮಕ್ಕಳು. ಇವು ಸೋಮಾರಿ ಮಕ್ಕಳೆಂದು ಶಾಲೆಯವರು ಹೇಳಿದರಂತೆ. ಟೀಚರಮ್ಮ ಒಂದೊಂದು ಮನೆಗೂ ಫೋನು ಮಾಡಿ ಕೇಳಿದರು. ಮನೆಗೆಲ್ಲ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಕಾರ್ಖಾನೆ, ತೋಟ ಮತ್ತೆ ತೆರೆದ ಮೇಲೆ ಅಪ್ಪನ ಜೊತೆ ಫೋನೂ ಕೆಲಸಕ್ಕೆ ಹೋಯಿತು. ರಾತ್ರಿ ಎಂಟಕ್ಕೆ ಅದು ಮಗುವಿನ ಕೈಗೆ ಬರಬೇಕು.

ಅಂದಿನಿಂದ ಆಕೆ ವಿಡಿಯೋ ಬಿಟ್ಟರು. ನಾಲ್ಕೈದು ನಿಮಿಷದ ಪಾಠವನ್ನು ಬಾಯಲ್ಲಿ ಹೇಳಿ ಸಂಜೆ ವಾಟ್ಸಾಪಿನಲ್ಲಿ ಕಳುಹಿಸಿದರು; ಡೇಟಾ ಕಡಿಮೆ ಹಿಡಿಯುತ್ತದೆ, ಎಷ್ಟು ಸಲ ಬೇಕಾದರೂ ಕೇಳಬಹುದು. ಅಡಿಗೆ ಮನೆಯ ಪಾವು, ಲೋಟ, ಹುರುಳಿಕಾಳು ಎಲ್ಲ ಲೆಕ್ಕದ ಪಾಠಕ್ಕೆ ಬಂದವು. ಒಲೆಯ ಮುಂದೆ ಕೂತ ತಾಯಂದಿರೂ ಕೇಳಿಸಿಕೊಂಡರು. ಮಗುವಿಗಿಂತ ಮೊದಲು ಉತ್ತರ ಹೇಳಿದ ತಾಯಿ ಇದೇ ಸಭೆಯಲ್ಲಿ ಇದ್ದಾರೆ, ಹೆಸರು ಹೇಳುವುದಿಲ್ಲ.

ಆದರೆ ದಿನ ಮುಗಿಯುತ್ತಿರಲಿಲ್ಲ. ಮನೆಪಾಠದ ಫೋಟೋ ಒಂಬತ್ತರಿಂದ ಹನ್ನೊಂದರವರೆಗೆ ಬರುತ್ತಿದ್ದವು, ಸೊಟ್ಟಗೆ, ಅರ್ಧ ಕತ್ತಲೆಯಲ್ಲಿ. ಗಂಡನೂ ಮಕ್ಕಳೂ ಮಲಗಿದ ಮೇಲೆ ಎರಡು ಬೆರಳಲ್ಲಿ ಹಿಗ್ಗಿಸಿ ಒಂದೊಂದನ್ನೂ ತಿದ್ದುತ್ತಿದ್ದರು. ಬೆಳಿಗ್ಗೆ ನೀರಿನ ಸರದಿ ಐದೂವರೆಗೆ.

ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳ ಕಷ್ಟ ಬೇರೆಯೇ. 2019ರ ಆಗಸ್ಟಿನಲ್ಲಿ ಶುರುವಾಗಿದ್ದ ಕಲ್ವಿ ಟಿವಿಯಲ್ಲಿ ಪಾಠ ಬಂತು, ತಮಿಳಿನಲ್ಲಿ. ಕರ್ನಾಟಕದ ಸಂವೇದ ಪಾಠ 2020ರ ಜುಲೈ 20ರಿಂದ ಚಂದನದಲ್ಲಿ ಬಂತು. ಭಾಷೆ ನಮ್ಮದು, ಪುಸ್ತಕ ಅವರದು. ತಳಿ, ಡೆಂಕಣಿಕೋಟೆ ಕಡೆಯ ಮಗುವಿಗೆ ತನ್ನ ಪುಸ್ತಕವನ್ನು ತನ್ನ ಭಾಷೆಯಲ್ಲಿ ಹೇಳಿಕೊಡಲು ತನ್ನ ಮೇಷ್ಟ್ರ ದನಿಯೇ ಬೇಕಾಯಿತು.

ಈಗ ಸಂಬಳದ ಮಾತು. ನಮ್ಮ ಟೀಚರಮ್ಮನಿಗೆ ಮೊದಲು ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಫೀಜು ಬಂದರೆ ಕೊಡುತ್ತೇವೆ ಎಂದರು. ಫೀಜು ಕೇಳುವ ಫೋನನ್ನೂ ಆಕೆಯಿಂದಲೇ ಮಾಡಿಸಿದರು. ಮೊದಲ ಕಂತಾಗಿ ಶೇಕಡಾ 40 ಫೀಜು ವಸೂಲು ಮಾಡಲು ಮದ್ರಾಸ್ ಹೈಕೋರ್ಟು 2020ರ ಜುಲೈಯಲ್ಲಿ ಖಾಸಗಿ ಶಾಲೆಗಳಿಗೆ ಅವಕಾಶ ಕೊಟ್ಟಿತ್ತು. ಕೂಲಿ ಕಳೆದುಕೊಂಡ ತಂದೆ, ಸಂಬಳವಿಲ್ಲದ ಟೀಚರು, ಇಬ್ಬರೂ ಫೋನಿನಲ್ಲಿ ಬೈದಾಡಿಕೊಂಡರು. ಬೈಸಿಕೊಳ್ಳಬೇಕಾದವರು ಮೂರನೆಯವರು. ಅವರ ಫೋನು ಎಂಗೇಜ್ ಆಗಿತ್ತು.

ಮನೆಯಲ್ಲಿ ಕೂತು ದುಡಿಯುವುದು ನಮ್ಮ ಜನಕ್ಕೆ ಹೊಸದೇನಲ್ಲ. ಬೀಡಿ ಕಟ್ಟುವ ಹೆಂಗಸರನ್ನು ಕೇಳಿ. ಜಾಗ ಅವರದು, ದೀಪ ಅವರದು, ಬೆನ್ನುನೋವೂ ಅವರದೇ. ಆದರೂ 1966ರ ಬೀಡಿ ಕಾನೂನು ಮನೆಯಲ್ಲಿ ಕಟ್ಟುವವಳನ್ನೂ ಕೆಲಸಗಾರಳೆಂದು ಎಣಿಸಿತು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರಿಗಾಗಿ, ಅಂದರೆ ಮನೆಯಲ್ಲೇ ಕೂತು ಧಣಿಗೆ ದುಡಿಯುವವರಿಗಾಗಿ, 177ನೆಯ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅಂಗೀಕರಿಸಿಲ್ಲ. ಉಪಾಧ್ಯಾಯರ ವಿಷಯದಲ್ಲಿ, ಅವರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿತ್ತು. ಹಾಗಾಗಿ ಲಾಕ್‌ಡೌನಿನಲ್ಲಿ ಸಂಬಳ ನಿಂತಾಗ ನಮ್ಮಂತೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತಟ್ಟಲು ಅವರಿಗೆ ದಾರಿಯಿರಲಿಲ್ಲ.

ಒಂದು ಬಾಗಿಲು ಮಾತ್ರ ತೆರೆದಿದೆ. ಗ್ರಾಚ್ಯುಟಿಯೂ ಉಪಾಧ್ಯಾಯರಿಗಿಲ್ಲವೆಂದು 2004ರಲ್ಲಿ ತೀರ್ಪಾಗಿತ್ತು. 2009ರಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿ, 1997ರಿಂದಲೇ ಅನ್ವಯಿಸುವಂತೆ ಮಾಡಿತು. ಖಾಸಗಿ ಶಾಲೆಗಳವರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಆಗಸ್ಟಿನಲ್ಲಿ ಸೋತರು. ಐದು ವರ್ಷ ಎಡೆಬಿಡದೆ ದುಡಿದು ಬಿಟ್ಟ ಉಪಾಧ್ಯಾಯರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಹಣ ಬರಬೇಕು. ಆ ಲಾಕ್‌ಡೌನಿನ ತಿಂಗಳುಗಳಲ್ಲಿ ನೀವು ಕೆಲಸದಲ್ಲೇ ಇರಲಿಲ್ಲ ಎಂದು ಆಡಳಿತದವರು ವಾದಿಸಿದರೆ, ಅಕ್ಕಿ ಡಬ್ಬಿಗೆ ಒರಗಿಸಿ ಮಾಡಿದ ಪಾಠವೇ ಸಾಕ್ಷಿ. ಆ ರಾತ್ರಿಗಳ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ.

ನಮ್ಮ ಟೀಚರಮ್ಮ ಆ ಶಾಲೆಯಲ್ಲಿ ಏಳು ವರ್ಷ ದುಡಿದವರು. ಈಗ ಬೇರೆ ಶಾಲೆಯಲ್ಲಿದ್ದಾರೆ. ಅವರ ಅರ್ಜಿಯನ್ನು ನಾವು ಬರೆಯಲು ತೊಡಗಿದ್ದೇವೆ. ನಿಮ್ಮ ಮನೆಯಲ್ಲಿ, ನಿಮ್ಮ ಲೈನಿನಲ್ಲಿ ಹೀಗೆ ಕೆಲಸ ಬಿಟ್ಟ ಅಥವಾ ಬಿಡಿಸಲ್ಪಟ್ಟ ಉಪಾಧ್ಯಾಯರಿದ್ದರೆ ನೇಮಕದ ಕಾಗದ, ಬ್ಯಾಂಕು ಪಾಸ್‌ಬುಕ್ಕು, ಆ ಹಳೆಯ ಫೋನು, ಇವನ್ನು ತೆಗೆದುಕೊಂಡು ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಇಲ್ಲಿಗೇ ಬರಲು ಹೇಳಿ. ಪರದೆಯೊಡೆದ ಫೋನಾದರೂ ತರಲಿ.