ಮಿದುಳಿನ ನೆಲ, ವಿದ್ಯುತ್ತಿನ ಹರಿವು
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ತುರೋರಿಯಂಥ ಹಳ್ಳಿಗಳಲ್ಲಿ ಹಿರಿಯರೊಬ್ಬರ ಕೈ ಸುಮ್ಮನೆ ಕುಳಿತಾಗಲೂ ನಡುಗಿದರೆ, ಮುಪ್ಪಿನ ಲಕ್ಷಣವೆಂದು ನಾವು ಸುಮ್ಮನಾಗುತ್ತೇವೆ. ಅದು ಪಾರ್ಕಿನ್ಸನ್ ಎಂಬ ರೋಗವೂ ಆಗಿರಬಹುದು. ಮಿದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯವನ್ನು ಉತ್ಪಾದಿಸುವ ಜೀವಕೋಶಗಳು ನಶಿಸುವುದರಿಂದ ಅದು ಬರುತ್ತದೆ. ಇದಕ್ಕೆ ಮೊದಲು ಔಷಧೋಪಚಾರವುಂಟು. ವರ್ಷಗಳು ಕಳೆದು ಔಷಧದ ಗುಣ ಏರುಪೇರಾದಾಗ, ಕೆಲವರಿಗೆ ಮಿದುಳಿನ ಆಳದಲ್ಲಿ ತೆಳುವಾದ ತಂತಿಯನ್ನಿರಿಸಿ ವಿದ್ಯುತ್ ಸ್ಪಂದನಗಳನ್ನು ಕೊಡುವರು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಬಿದ್ ಎಂಬ ಶಸ್ತ್ರವೈದ್ಯರು ಈ ಪದ್ಧತಿಗೆ ನಾಂದಿ ಹಾಡಿದರು. ಇಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ.

ಆ ತಂತಿಯ ದಪ್ಪ ಸುಮಾರು 1.3 ಮಿಲಿಮೀಟರ್. ಗುರಿಯಿಡುವ ಭಾಗವಾದರೋ ಕಡಲೆಕಾಳಿನಷ್ಟೇ ಚಿಕ್ಕದು. ವಿದ್ಯುತ್ತು ಆ ಮೇರೆಯನ್ನು ಮೀರಿ ನೆರೆಯ ನರತಂತುಗಳನ್ನು ಮುಟ್ಟಿದರೆ ಮಾತು ತೊದಲೀತು, ಸ್ನಾಯು ಸೆಳೆದೀತು. ಆದುದರಿಂದ ಅದು ಎಲ್ಲಿಯವರೆಗೆ ಹರಡುವುದೆಂದು ವಿಜ್ಞಾನಿಗಳು ಗಣಕಯಂತ್ರದ ಮಾದರಿಯಲ್ಲಿ ಲೆಕ್ಕ ಹಾಕಿ ನೋಡುವರು.

ಮಿದುಳೆಲ್ಲವೂ ಒಂದೇ ಬಗೆಯ ಪದಾರ್ಥವೆಂದು ಭಾವಿಸಿದರೆ ಈ ಲೆಕ್ಕ ತಪ್ಪುತ್ತದೆ. ಒಕ್ಕಲು ಮಕ್ಕಳಾದ ನಿಮಗೆ ಇದು ತಿಳಿಯದ ಮಾತಲ್ಲ. ಹೊಲಕ್ಕೆ ಬಿಟ್ಟ ನೀರು ಕಾಲುವೆಯಲ್ಲಿ ಓಡುತ್ತದೆ. ಹರಗಿದ ಸಮನೆಲದಲ್ಲಿ ಎಲ್ಲ ಕಡೆಗೂ ನಿಧಾನವಾಗಿ ಹರಡುತ್ತದೆ. ಕಬ್ಬಿನ ಸಾಲಿನಲ್ಲಿ ಉದ್ದಕ್ಕೆ ಸರಾಗವಾಗಿ ಸಾಗಿ, ಬೋದು ದಾಟಲು ತಡೆಯುತ್ತದೆ. ಮಿದುಳಿನಲ್ಲಿಯೂ ಹಾಗೆಯೇ. ಅದನ್ನು ಸುತ್ತುವರಿದ ತಿಳಿದ್ರವವು ಕಾಲುವೆಯಂತೆ ವಿದ್ಯುತ್ತನ್ನು ಬಲು ಸುಲಭವಾಗಿ ಒಯ್ಯುತ್ತದೆ. ಬೂದುಬಣ್ಣದ ಭಾಗವು ಸಮನೆಲ. ಬಿಳಿಯ ಭಾಗವು ನರತಂತುಗಳ ಸಾಲು. ಅಲ್ಲಿ ವಿದ್ಯುತ್ತು ಉದ್ದಕ್ಕೆ ಹರಿದಷ್ಟು ಅಡ್ಡಕ್ಕೆ ಹರಿಯದು. ಮೇಲಾಗಿ, ತಂತಿಯನ್ನಿರಿಸಿದ ಕೆಲವು ವಾರಗಳಲ್ಲಿ ಶರೀರವು ಅದರ ಸುತ್ತ ತೆಳುಪೊರೆಯೊಂದನ್ನು ಬೆಳೆಸುತ್ತದೆ. ಅದು ಹೊಲದ ಒಡ್ಡಿನಂತೆ ಹರಿವನ್ನು ತಡೆಯುತ್ತದೆ.

ಸಾಲುಗಳ ದಿಕ್ಕು ಒಬ್ಬೊಬ್ಬರಲ್ಲಿ ಒಂದೊಂದು ತೆರ. ಆದಕಾರಣ ಎಂ.ಆರ್.ಐ. ಚಿತ್ರಗಳಿಂದ ಆಯಾ ರೋಗಿಯ ಮಿದುಳನ್ನು ಅರಿತು ಮಾದರಿಯನ್ನು ರಚಿಸಿದಷ್ಟೂ ಲೆಕ್ಕವು ನಿಜಕ್ಕೆ ಹತ್ತಿರವಾಗುತ್ತದೆ. ಆದರೂ ಕೊನೆಯ ತೀರ್ಪು ಗಣಕಯಂತ್ರದ್ದಲ್ಲ. ರೋಗಿಯ ಕೈ ನಿಂತಿತೇ, ಮಾತು ಕೆಡದೆ ಉಳಿಯಿತೇ ಎಂದು ವೈದ್ಯರು ಕಣ್ಣಾರೆ ನೋಡಿಯೇ ವಿದ್ಯುತ್ತಿನ ಪ್ರಮಾಣವನ್ನು ನಿಶ್ಚಯಿಸುವರು.

ವಿದ್ಯಾರ್ಥಿಗಳೇ, ನೆಲವನ್ನರಿಯದೆ ನೀರಿನ ಲೆಕ್ಕ ಹಾಕಬಾರದೆಂಬ ನಿಮ್ಮ ಮನೆಯವರ ಅನುಭವವೇ ಇಲ್ಲಿ ವಿಜ್ಞಾನವಾಗಿದೆ. ಪಾಲಕರಲ್ಲಿ ನಮ್ಮದೊಂದು ಬಿನ್ನಹ: ಮನೆಯ ಹಿರಿಯರ ಕೈ ನಡುಗಿದರೆ ಮುಪ್ಪೆಂದು ಕೈಬಿಡದೆ ಒಮ್ಮೆ ವೈದ್ಯರಿಗೆ ತೋರಿಸಿರಿ. ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.