ಕಾಣದ ವಸ್ತುವಿನ ನಾದ



ಇದೇ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಗಂಟೆ ಬಾರಿಸುತ್ತೀರಿ. ಕಣ್ಣು ಮುಚ್ಚಿ ಕೇಳಿದರೂ ಗಂಟೆ ದೊಡ್ಡದೋ ಸಣ್ಣದೋ ನಾದವೇ ತಿಳಿಸುತ್ತದೆ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು ಕಪ್ಪುಕುಳಿಯ ವಿಷಯದಲ್ಲಿ ಕಂಡುಕೊಂಡದ್ದು ಇಂಥದನ್ನೇ. ಕಪ್ಪುಕುಳಿ ಬೆಳಕನ್ನೂ ಹೊರಬಿಡದು. ಕಾಣದ್ದನ್ನು ಅರಿಯುವ ಬಗೆ ಹೇಗೆ? ಗುರುತ್ವದ ಅಲೆ ಅದನ್ನು ತಟ್ಟಿದರೆ ಅದು ಮಿಡಿದು ಬೇಗನೆ ಅಡಗುತ್ತದೆ. ದೊಡ್ಡ ಕುಳಿಯಾದರೆ ಮಂದ್ರ, ಸಣ್ಣದಾದರೆ ತಾರ. ಹೀಗೆಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಅಂಥ ವಸ್ತು ಉಂಟೋ ಇಲ್ಲವೋ ಎಂದು ಬಲ್ಲವರಲ್ಲೇ ಸಂಶಯವಿತ್ತು!

“ಮಗ ನಕ್ಷತ್ರ ಓದಿದರೆ ಹೊಟ್ಟೆಗೇನು ಬುದ್ಧಿ?” ಎಂದು ನಮ್ಮನ್ನು ಕೇಳುವವರುಂಟು. ಕೇಳುವುದು ತಪ್ಪಲ್ಲ; ಅಡಿಕೆ ದರ ಬಿದ್ದ ವರ್ಷ ತಂದೆಗೆ ಬೇರೇನು ತೋಚೀತು? ಆದರೆ ವಿಶ್ವೇಶ್ವರರ ಲೆಕ್ಕಕ್ಕೆ ಸಾಕ್ಷಿ ಸಿಕ್ಕಲು 45 ವರ್ಷ ಬೇಕಾಯಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಒಂದು ಅಲೆ ತಾಗಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಅಡಗುವ ಆ ಮಿಡಿತವೂ ಅಲೆಯ ಕೊನೆಯಲ್ಲಿತ್ತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರಿದ್ದರು; ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ಇದೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂದು ನಮ್ಮ ಬಾಯಿಂದ ಹೇಳಿಸಬಯಸುವವರೂ ಇದ್ದಾರೆ. ನಾವು ಸಂಸ್ಕೃತವನ್ನೇ ಓದಿ ಬೆಳೆದವರು. ಈ ಲೆಕ್ಕ ಅಲ್ಲಿ ನಮಗೆ ಕಾಣಲಿಲ್ಲ. ಪರರ ಬೆವರನ್ನು ನಮ್ಮದೆನ್ನುವುದು ಕಾಯಕವಲ್ಲ.

ಸಾಕ್ಷಿ ಬರುವ ತನಕ ಅವರು ಕೈಕಟ್ಟಿ ಕೂಡಲಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದರು. ಆ ಕಡೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿರಿ.