ಮದ್ದೂರಿನ ಠೇವಣಿ, ಸೈಪ್ರಸ್‌ನ ಠೇವಣಿ

(ಮಂಡ್ಯ, ಮದ್ದೂರು ಹಾಗೂ ಮಳವಳ್ಳಿಯ ಸಹೋದರ ಸಹೋದರಿಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬ್ಯಾಂಕ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಸಭೆಗಳಲ್ಲಿ ಬಡ್ಡಿಯ ವಿಷಯ ಬರುತ್ತದೆ. ಬಡ್ಡಿ ನಿಷಿದ್ಧವೆಂದು ಹೇಳಿ ಮಾತನ್ನು ಅಲ್ಲಿಗೇ ಮುಗಿಸಿಬಿಡುವುದು ವಾಡಿಕೆ. ಬಡ್ಡಿ ನಿಷಿದ್ಧವೆಂಬುದರಲ್ಲಿ ನಮಗೆ ಸಂಶಯವೇನೂ ಇಲ್ಲ. ಆದರೆ ಮಗಳ ವಿವಾಹಕ್ಕೆಂದು, ಹಜ್ಜ್ ಯಾತ್ರೆಗೆಂದು, ಮನೆಯ ಛಾವಣಿ ರಿಪೇರಿಗೆಂದು ಒಂದೊಂದೇ ಸಾವಿರ ಕೂಡಿಟ್ಟವರಿಗೆ ಇನ್ನೊಂದು ಪ್ರಶ್ನೆಯೂ ಇದೆ. ಈ ಹಣವನ್ನು ಎಲ್ಲಿಟ್ಟರೆ ಅದು ಮರಳಿ ಬರುತ್ತದೆ? ಬರದೇ ಹೋದರೆ ಯಾರ ಬಾಗಿಲು ತಟ್ಟಬೇಕು? ಇಂದು ನಾವು ಈ ಪ್ರಶ್ನೆಯ ಬಗ್ಗೆಯೇ ಮಾತನಾಡಲು ಬಯಸುತ್ತೇವೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಮದ್ದೂರಿನ ಶಿಂಷಾ ಸಹಕಾರ ಬ್ಯಾಂಕಿನ ಮೇಲೆ ಭಾರತೀಯ ರಿಸರ್ವ್ ಬ್ಯಾಂಕು 2023ರ ಫೆಬ್ರವರಿ 24ರಂದು ನಿರ್ಬಂಧ ಹೇರಿತು. ಹೊಸ ಸಾಲ ಕೊಡಬಾರದು, ಹೊಸ ಠೇವಣಿ ಪಡೆಯಬಾರದು. ಅಷ್ಟೇ ಅಲ್ಲ, ಬ್ಯಾಂಕಿನ ಕೈಯಲ್ಲಿ ನಗದೇ ಇಲ್ಲದ ಕಾರಣ ಠೇವಣಿದಾರರು ಒಂದು ರೂಪಾಯಿಯನ್ನೂ ತೆಗೆಯುವಂತಿರಲಿಲ್ಲ. ಅದೇ ದಿನ ನಿರ್ಬಂಧಕ್ಕೊಳಗಾದ ಆಂಧ್ರದ ಉರವಕೊಂಡದ ಬ್ಯಾಂಕಿನವರಿಗೆ ಐದು ಸಾವಿರ ತೆಗೆಯಲು ಅನುಮತಿಯಿತ್ತು, ನಮ್ಮ ಮದ್ದೂರಿನವರಿಗೆ ಅದೂ ಇರಲಿಲ್ಲ. 2024ರ ಜುಲೈನಲ್ಲಿ ಬ್ಯಾಂಕಿನ ಪರವಾನಿಗೆಯನ್ನೇ ರದ್ದುಗೊಳಿಸಲಾಯಿತು. ಬ್ಯಾಂಕಿಗೆ ಸಾಕಷ್ಟು ಬಂಡವಾಳವೂ ಇಲ್ಲ, ಗಳಿಕೆಯ ಸಾಧ್ಯತೆಯೂ ಇಲ್ಲ, ಅದು ಮುಂದುವರಿಯುವುದು ಠೇವಣಿದಾರರ ಹಿತಕ್ಕೆ ಮಾರಕ ಎಂಬುದು ರಿಸರ್ವ್ ಬ್ಯಾಂಕು ಕೊಟ್ಟ ಕಾರಣ.

ಈ ಘಟನೆಯ ಉತ್ತರಾರ್ಧವನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಿಲ್ಲ. ಆ ಬ್ಯಾಂಕಿನ ಠೇವಣಿದಾರರಲ್ಲಿ ಶೇ. 99ಕ್ಕಿಂತಲೂ ಹೆಚ್ಚು ಮಂದಿ ತಮ್ಮ ಪೂರ್ಣ ಹಣಕ್ಕೆ ಅರ್ಹರಾಗಿದ್ದರು. ಅದನ್ನು ಕೊಡಬೇಕಾದದ್ದು ಮುಳುಗಿದ ಬ್ಯಾಂಕಲ್ಲ, ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅರ್ಥಾತ್ ಡಿಐಸಿಜಿಸಿ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಕುಸಿದು ಬಿದ್ದು ಸಾವಿರಾರು ಕುಟುಂಬಗಳು ಬೀದಿಗೆ ಬಂದ ಬಳಿಕ, 1962ರ ಜನವರಿ 1ರಂದು ಈ ವ್ಯವಸ್ಥೆ ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರನಿಗೆ ದೊರೆಯುತ್ತಿದ್ದ ರಕ್ಷಣೆ ಕೇವಲ 1,500 ರೂಪಾಯಿ. 1993ರಲ್ಲಿ ಅದು ಒಂದು ಲಕ್ಷವಾಯಿತು. ಆಮೇಲೆ 27 ವರ್ಷ ಯಾವ ಸರಕಾರವೂ ಅದನ್ನು ಮುಟ್ಟಲಿಲ್ಲ. ಮುಂಬೈಯ ಪಿಎಂಸಿ ಬ್ಯಾಂಕಿನ ಠೇವಣಿದಾರರು 2019ರಲ್ಲಿ ಬೀದಿಗಿಳಿದು ಪ್ರತಿಭಟಿಸಿದ ನಂತರವೇ, 2020ರ ಫೆಬ್ರವರಿಯಲ್ಲಿ ಮಿತಿ ಐದು ಲಕ್ಷಕ್ಕೆ ಏರಿತು. ಮೊದಲು ಬ್ಯಾಂಕು ಸಂಪೂರ್ಣ ಮುಚ್ಚುವ ತನಕ ವಿಮೆಯ ಹಣಕ್ಕಾಗಿ ವರ್ಷಾನುಗಟ್ಟಲೆ ಕಾಯಬೇಕಿತ್ತು. 2021ರ ತಿದ್ದುಪಡಿಯ ಪ್ರಕಾರ, ನಿರ್ಬಂಧ ಹೇರಿದ 90 ದಿನಗಳೊಳಗೆ ಆ ಹಣ ಸಿಗಬೇಕು.

ಈ ಹಣ ಎಲ್ಲಿಂದ ಬರುತ್ತದೆ? ದೇಶದ ಎಲ್ಲ ಬ್ಯಾಂಕುಗಳೂ ತಮ್ಮಲ್ಲಿರುವ ಠೇವಣಿಗೆ ಅನುಗುಣವಾಗಿ ನಿಗಮಕ್ಕೆ ಕಂತು ಕಟ್ಟುತ್ತವೆ. 2020ರ ಏಪ್ರಿಲ್‌ನಲ್ಲಿ ಅದನ್ನು ನೂರು ರೂಪಾಯಿಗೆ ವರ್ಷಕ್ಕೆ 12 ಪೈಸೆ ಎಂದು ನಿಗದಿಪಡಿಸಲಾಯಿತು. ಇದನ್ನು ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಕಂತಿನ ಬಹುಪಾಲು ದೊಡ್ಡ ವಾಣಿಜ್ಯ ಬ್ಯಾಂಕುಗಳಿಂದ ಬರುತ್ತದೆ. ಪರಿಹಾರದ ಬಹುಪಾಲು ಸಹಕಾರಿ ಬ್ಯಾಂಕುಗಳ ಠೇವಣಿದಾರರಿಗೆ ಹೋಗುತ್ತದೆ. ಅಂದರೆ ಗುವಾಹಟಿಯಲ್ಲಿ, ಜೈಪುರದಲ್ಲಿ ಸ್ಟೇಟ್ ಬ್ಯಾಂಕಿನ ವ್ಯವಹಾರದಿಂದ ಬಂದ ಹಣದಲ್ಲಿ ಮದ್ದೂರಿನ ಒಬ್ಬ ವಿಧವೆಯ ಠೇವಣಿ ಮರಳುತ್ತದೆ. ಇಷ್ಟು ದೂರದವರು ನಮ್ಮ ನಷ್ಟದಲ್ಲಿ ಪಾಲುಗೊಳ್ಳುವುದು ಹೇಗೆ ಸಾಧ್ಯವಾಯಿತು? ನಾವೆಲ್ಲರೂ ಒಂದೇ ರೂಪಾಯಿಯನ್ನು ಬಳಸುತ್ತಿದ್ದೇವೆ, ಆ ರೂಪಾಯಿಯ ಹಿಂದೆ ಒಂದೇ ಬೊಕ್ಕಸ, ಒಂದೇ ಕಾನೂನು ಇದೆ. ಕಲಬುರ್ಗಿ, ಬೀದರ್ ಕಡೆಯ ಹಿರಿಯರಿಗೆ ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕ ಎಂಬ ಬೇರೆಯೇ ನಾಣ್ಯದ ನೆನಪಿತ್ತು. 1950ರ ದಶಕದಲ್ಲಿ ಅದು ಚಲಾವಣೆಯಿಂದ ಸರಿದು ಅವರೂ ಈ ರೂಪಾಯಿಗೆ ಸೇರಿದರು. ನಾಣ್ಯ ಒಂದಾದುದರ ಜೊತೆಗೆ ಕಷ್ಟದ ಹೊಣೆಯೂ ಒಂದಾಯಿತು.

ನಾಣ್ಯ ಒಂದಾಗಿ ಹೊಣೆ ಮಾತ್ರ ಬೇರೆ ಬೇರೆ ಉಳಿದರೆ ಏನಾಗುತ್ತದೆಂಬುದಕ್ಕೆ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ಎಂಬ ದ್ವೀಪ ಸಾಕ್ಷಿ. ಅದು 2008ರಲ್ಲಿ ತನ್ನ ನಾಣ್ಯವನ್ನು ಬಿಟ್ಟು ಯೂರೋಪಿನ ಹಲವು ದೇಶಗಳ ಸಾಮೂಹಿಕ ನಾಣ್ಯವಾದ ಯೂರೋವನ್ನು ಸ್ವೀಕರಿಸಿತು. ಅಲ್ಲಿನ ಬ್ಯಾಂಕುಗಳು ಗ್ರೀಸ್ ಸರಕಾರದ ಸಾಲಪತ್ರಗಳನ್ನು ಕೊಂಡು ಭಾರೀ ನಷ್ಟ ಅನುಭವಿಸಿದವು. ತನ್ನದೇ ನೋಟು ಮುದ್ರಿಸುವ ಅಧಿಕಾರ ಸೈಪ್ರಸ್‌ಗೆ ಇರಲಿಲ್ಲ. ಸಾಲಕ್ಕಾಗಿ ಯೂರೋಪಿನ ಇತರ ದೇಶಗಳ ಮುಂದೆ ಕೈಚಾಚಿದಾಗ, 2013ರ ಮಾರ್ಚ್ 16ರ ಬೆಳಿಗ್ಗೆ ಅವರು ಮುಂದಿಟ್ಟ ಷರತ್ತು ಜಗತ್ತನ್ನೇ ಬೆಚ್ಚಿಬೀಳಿಸಿತು. ಒಂದು ಲಕ್ಷ ಯೂರೋಗಿಂತ ಕಡಿಮೆ ಠೇವಣಿಯಿಟ್ಟವರಿಂದ ಶೇ. 6.75, ಹೆಚ್ಚು ಇಟ್ಟವರಿಂದ ಶೇ. 9.9 ಭಾಗ ಕಿತ್ತುಕೊಳ್ಳಬೇಕು ಎಂಬುದೇ ಆ ಷರತ್ತು. ಒಂದು ಲಕ್ಷದವರೆಗಿನ ಹಣ ಸುರಕ್ಷಿತವೆಂದು ಕಾನೂನು ಮಾತು ಕೊಟ್ಟಿತ್ತು. ಆ ಮಾತನ್ನೇ ಮುರಿಯಲು ಹೊರಟಿದ್ದರು. ಜನರು ಪಾರ್ಲಿಮೆಂಟಿನ ಮುಂದೆ ನೆರೆದರು, ಪಾರ್ಲಿಮೆಂಟು ಅದನ್ನು ತಿರಸ್ಕರಿಸಿತು. ಕೊನೆಗೆ ಸಣ್ಣ ಠೇವಣಿಗಳು ಉಳಿದವು. ಆದರೆ ಒಂದು ದೊಡ್ಡ ಬ್ಯಾಂಕು ಮುಚ್ಚಿತು, ಇನ್ನೊಂದರಲ್ಲಿ ಲಕ್ಷ ಯೂರೋ ಮೀರಿದ ಹಣದ ಶೇ. 47.5 ಭಾಗವನ್ನು ಬ್ಯಾಂಕಿನ ಷೇರುಗಳಾಗಿ ಬದಲಾಯಿಸಲಾಯಿತು. ಸುಮಾರು ಎರಡು ವಾರ ಮುಚ್ಚಿದ್ದ ಬ್ಯಾಂಕುಗಳು ತೆರೆದಾಗ ಒಬ್ಬರಿಗೆ ದಿನಕ್ಕೆ 300 ಯೂರೋ ಮಾತ್ರ. 2015ರಲ್ಲಿ ಗ್ರೀಸಿನವರಿಗೆ ಸಿಕ್ಕಿದ್ದು ದಿನಕ್ಕೆ 60 ಯೂರೋ.

ಯೂರೋಪಿನವರು ಇದರಿಂದ ಪಾಠ ಕಲಿಯಲಿಲ್ಲವೆಂದಲ್ಲ. ನಮ್ಮ ಡಿಐಸಿಜಿಸಿಯಂತೆ ಇಡೀ ಯೂರೋ ವಲಯಕ್ಕೆ ಒಂದೇ ಠೇವಣಿ ವಿಮೆ ಇರಲಿ ಎಂಬ ಪ್ರಸ್ತಾಪವನ್ನು 2015ರ ನವೆಂಬರಿನಲ್ಲೇ ಯೂರೋಪಿಯನ್ ಆಯೋಗ ಮುಂದಿಟ್ಟಿತು. ಅದು ಇನ್ನೂ ಕಾನೂನಾಗಿಲ್ಲ. ನಿಮ್ಮ ಬ್ಯಾಂಕಿನ ನಷ್ಟವನ್ನು ನಾವೇಕೆ ತುಂಬಬೇಕು ಎಂಬುದು ಜರ್ಮನಿಯಂತಹ ದೇಶಗಳ ಪ್ರಶ್ನೆ. ಆ ನಾಣ್ಯಕ್ಕೆ 2023ರಲ್ಲಿ ಕ್ರೊಯೇಷಿಯಾ, 2026ರ ಆರಂಭದಲ್ಲಿ ಬಲ್ಗೇರಿಯಾ ಸೇರಿಕೊಂಡಿವೆ, ಆದ್ದರಿಂದ ಅದು ಕುಸಿಯುತ್ತದೆಂದು ನಾವು ಭವಿಷ್ಯ ಹೇಳುವುದಿಲ್ಲ. ಆದರೆ ಒಂದೇ ನೋಟನ್ನು ಹಂಚಿಕೊಂಡು ಸಂಕಟವನ್ನು ಹಂಚಿಕೊಳ್ಳದವರ ಮುಂದಿನ ದಾರಿ ಸುಗಮವಾಗಿರಲಾರದು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ನಮ್ಮ ದೇಶದಲ್ಲಿ ಎಲ್ಲವೂ ಸರಿಯಾಗಿದೆಯೆಂದು ಯಾರೂ ಭಾವಿಸಬಾರದು. ಯೆಸ್ ಬ್ಯಾಂಕು 2020ರ ಮಾರ್ಚ್ 5ರಂದು ನಿರ್ಬಂಧಕ್ಕೊಳಗಾದಾಗ ಸ್ಟೇಟ್ ಬ್ಯಾಂಕು ಸಾವಿರಾರು ಕೋಟಿಯೊಂದಿಗೆ ಧಾವಿಸಿತು. 13 ದಿನಗಳಲ್ಲಿ ಠೇವಣಿದಾರರೆಲ್ಲರ ಹಣ ಮುಕ್ತವಾಯಿತು. ಐದು ಲಕ್ಷ ಇಟ್ಟವರಿಗೂ, ಐವತ್ತು ಲಕ್ಷ ಇಟ್ಟವರಿಗೂ. ಮದ್ದೂರಿನ ಸಹಕಾರಿ ಬ್ಯಾಂಕಿಗೆ ಯಾರೂ ಧಾವಿಸಲಿಲ್ಲ. ದೊಡ್ಡದು ಮುಳುಗಿದರೆ ಎಲ್ಲರೂ ಮುಳುಗುತ್ತಾರೆಂಬ ಭಯವಿರುತ್ತದೆ, ಸಣ್ಣದು ಮುಳುಗಿದರೆ ಅದರ ಠೇವಣಿದಾರರು ಮಾತ್ರ. ಅಳತೆಯಲ್ಲಿ ವಂಚಿಸುವವರನ್ನು ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ಎರಡು ತಕ್ಕಡಿ ಇಟ್ಟುಕೊಂಡವರು ಬರೀ ದಿನಸಿ ಅಂಗಡಿಯವರಲ್ಲ. ಸೈಪ್ರಸ್ ಮಾದರಿಯಲ್ಲಿ ಠೇವಣಿದಾರರ ಹಣದಿಂದಲೇ ಬ್ಯಾಂಕನ್ನು ಉಳಿಸುವ ಅವಕಾಶವಿದ್ದ ಮಸೂದೆಯೊಂದು 2017ರ ಆಗಸ್ಟ್‌ನಲ್ಲಿ ನಮ್ಮ ಲೋಕಸಭೆಗೂ ಬಂದಿತ್ತು. ದೇಶದಾದ್ಯಂತ ವಿರೋಧ ಎದ್ದ ಕಾರಣ ಮರುವರ್ಷ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆಗ ನಮ್ಮ ಸಮುದಾಯದ ವೇದಿಕೆಗಳಲ್ಲಿ ಅದರ ಬಗ್ಗೆ ಎಷ್ಟು ಚರ್ಚೆ ನಡೆಯಿತೆಂದು ಪ್ರತಿಯೊಬ್ಬರೂ ಯೋಚಿಸಬೇಕು.

ಇನ್ನು ನಮ್ಮ ಮನೆಯೊಳಗಿನ ಮಾತಿಗೆ ಬರೋಣ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಎಲ್ಲ ಸಮುದಾಯಗಳ ಜನರು ನಂಬಿ ಹಣವಿಟ್ಟ ಆ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ಬಾಳಿತು. ಅದೇ ಸಮುದಾಯದ ಒಳಗಿನಿಂದ ನೂರು ವರ್ಷಗಳ ಬಳಿಕ ಎದ್ದು ಬಂದದ್ದು ಐಎಂಎ. ಬೆಂಗಳೂರಿನ ಅಮಾನತ್ ಸಹಕಾರಿ ಬ್ಯಾಂಕಿನ ಮೇಲೆ 2013ರಲ್ಲಿ ನಿರ್ಬಂಧ ಬಿದ್ದು ಅದು ವರ್ಷ ವರ್ಷ ವಿಸ್ತರಣೆಯಾಗುತ್ತಿದ್ದಾಗ, ಜನರು ಅದರಿಂದ ಎಚ್ಚರಗೊಳ್ಳುವ ಬದಲು ಬಡ್ಡಿರಹಿತ, ಹಲಾಲ್ ಎಂಬ ಹೆಸರಿನ ಕಂಪೆನಿಗಳತ್ತ ಓಡಿದರು. 2019ರ ಜೂನ್‌ನಲ್ಲಿ ಐಎಂಎ ಸ್ಥಾಪಕರು ದೇಶ ಬಿಟ್ಟು ತೆರಳಿದ ಸುದ್ದಿ ಹರಡಿದಾಗ, ಶಿವಾಜಿನಗರದಲ್ಲಿ ದೂರು ಕೊಡಲು ಬುರ್ಖಾಧಾರಿ ಮಹಿಳೆಯರ ಉದ್ದನೆಯ ಸಾಲುಗಳನ್ನು ಇಡೀ ದೇಶ ನೋಡಿತು. ಹತ್ತಾರು ಸಾವಿರ ದೂರುಗಳು ಬಂದವು. ಅವರು ಜುಲೈನಲ್ಲಿ ದಿಲ್ಲಿಗೆ ಮರಳಿದಾಗ ಬಂಧಿತರಾದರು, ತನಿಖೆ ಸಿಬಿಐಗೆ ಹೋಯಿತು. ಆದರೆ ಮದ್ದೂರಿನವರಿಗೆ ಇದ್ದ ವಿಮೆ ಇವರಿಗೆ ಇರಲಿಲ್ಲ. ಐಎಂಎ ಬ್ಯಾಂಕೇ ಆಗಿರಲಿಲ್ಲ.

ಇಲ್ಲಿ ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ)ರ ಜೀವನದ ಒಂದು ಸಂಗತಿಯನ್ನು ನೆನಪಿಸುತ್ತೇವೆ. ಸಹೀಹ್ ಬುಖಾರಿಯಲ್ಲಿ ಇದು ವರದಿಯಾಗಿದೆ. ಜನರು ಹಣ ತಂದು ಅಮಾನತ್ತಾಗಿ ಇಟ್ಟುಕೊಳ್ಳಿರೆಂದರೆ ಅವರು ಒಪ್ಪುತ್ತಿರಲಿಲ್ಲ, ಸಾಲವೆಂದು ಸ್ವೀಕರಿಸುತ್ತಿದ್ದರು. ಅಮಾನತ್ತು ತನ್ನ ತಪ್ಪಿಲ್ಲದೆ ಕಳೆದುಹೋದರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಸಾಲವಾದರೆ ಏನೇ ಆದರೂ ತೀರಿಸಲೇಬೇಕು. ಹಣವಿಟ್ಟವನಿಗೆ ನಷ್ಟವಾಗಬಾರದೆಂದು ಅವರು ಭಾರವಾದ ಹೊಣೆಯನ್ನೇ ಆಯ್ದುಕೊಂಡರು. ಅವರು ಹುತಾತ್ಮರಾದಾಗ ಇದ್ದ ಸಾಲ ಇಪ್ಪತ್ತೆರಡು ಲಕ್ಷ. ಪುತ್ರ ಅಬ್ದುಲ್ಲಾ(ರ) ಆಸ್ತಿ ಮಾರಿ ಅದನ್ನು ತೀರಿಸಿದರು. ವಾರಸುದಾರರು ಪಾಲು ಕೇಳಿದರೂ ಕೊಡದೆ, ನಾಲ್ಕು ವರ್ಷ ಹಜ್ಜ್‌ನ ಸಂದರ್ಭದಲ್ಲಿ, ತಂದೆಯಿಂದ ಬರಬೇಕಾದವರು ಯಾರಾದರೂ ಇದ್ದರೆ ಬನ್ನಿರೆಂದು ಸಾರಿದರು.

ಐಎಂಎಯವರು ಮಾಡಿದ್ದು ಇದರ ತದ್ವಿರುದ್ಧ. ಹಣ ಕೊಟ್ಟವರನ್ನು ಸಾಲಗಾರರೆಂದಲ್ಲ, ಪಾಲುದಾರರೆಂದು ಕಾಗದದಲ್ಲಿ ಬರೆದುಕೊಂಡರು. ಪಾಲುದಾರಿಕೆ ಶರೀಅತ್‌ಗೆ ಸಮ್ಮತ. ಅದರಲ್ಲಿ ನಷ್ಟವೂ ಪಾಲುದಾರನದೇ. ಆದರೆ ಪಾಲುದಾರನಿಗೆ ಲೆಕ್ಕಪುಸ್ತಕ ನೋಡುವ ಹಕ್ಕಿದೆ. ಕಂಪೆನಿ ಯಾವ ವ್ಯಾಪಾರ ಮಾಡುತ್ತಿದೆ, ಪ್ರತಿ ತಿಂಗಳೂ ಲಾಭವೇ ಬರುವುದು ಹೇಗೆ ಎಂದು ಎಷ್ಟು ಮಂದಿ ಕೇಳಿದರು? ಗಡ್ಡ, ಟೋಪಿ, ಉದ್ಘಾಟನೆಗೆ ಬಂದ ಗಣ್ಯರು, ಶಾಲೆಗೆ ಕೊಟ್ಟ ದೇಣಿಗೆ ಇವುಗಳೇ ಲೆಕ್ಕಪತ್ರವಾದವು. ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಆದೇಶಿಸುವ ಆಯತ್ತು ಕುರ್‌ಆನಿನ ಅತ್ಯಂತ ದೀರ್ಘ ಆಯತ್ತು. ಅದನ್ನು ಓದಿದವರು ಲೆಕ್ಕ ಕೇಳಲು ನಾಚಿಕೊಳ್ಳುವುದೇಕೆ?

ಕೊನೆಯದಾಗಿ ಕೆಲವು ವ್ಯಾವಹಾರಿಕ ಮಾತುಗಳು. ಐದು ಲಕ್ಷದ ಮಿತಿ ಒಂದು ಖಾತೆಗಲ್ಲ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ. ಮಂಡ್ಯ ಶಾಖೆಯಲ್ಲಿ ಮೂರು, ಮಳವಳ್ಳಿ ಶಾಖೆಯಲ್ಲಿ ನಾಲ್ಕು ಲಕ್ಷ ಇಟ್ಟರೆ ಎರಡೂ ಕೂಡಿ ಐದೇ ಲಕ್ಷಕ್ಕೆ ರಕ್ಷಣೆ, ಬಡ್ಡಿಯೂ ಅದರೊಳಗೇ ಸೇರುತ್ತದೆ. ಬಡ್ಡಿಯಿಂದ ದೂರವಿರಬಯಸುವವರು ಬಡ್ಡಿಯಿಲ್ಲದ ಚಾಲ್ತಿ ಖಾತೆ ತೆರೆಯಬಹುದು, ಅದಕ್ಕೂ ಇದೇ ವಿಮೆಯಿದೆ. ಸಹಕಾರಿ ಬ್ಯಾಂಕಿಗೂ, ಪತ್ತಿನ ಸಹಕಾರ ಸಂಘ ಹಾಗೂ ಸೌಹಾರ್ದ ಸಹಕಾರಿಗಳಿಗೂ ವ್ಯತ್ಯಾಸವಿದೆ. ಎರಡನೆಯ ಬಗೆಯವುಗಳಿಗೆ, ಹಾಗೆಯೇ ಚೀಟಿ ಕಂಪೆನಿಗಳಿಗೆ, ಈ ವಿಮೆ ಅನ್ವಯಿಸುವುದಿಲ್ಲ. ಹೊರಗಿನ ಫಲಕ, ಒಳಗಿನ ಕೌಂಟರ್ ಒಂದೇ ತೆರನಾಗಿ ಕಾಣುತ್ತವೆ, ಆದ್ದರಿಂದ ಹಣ ಕಟ್ಟುವ ಮೊದಲು ಡಿಐಸಿಜಿಸಿಯಲ್ಲಿ ನೋಂದಣಿಯಿದೆಯೇ ಎಂದು ಬಾಯಿಬಿಟ್ಟು ಕೇಳಿರಿ.

ಮಸೀದಿ, ಮದ್ರಸಗಳ ಆಡಳಿತ ಮಂಡಳಿಯವರಿಗೆ ಒಂದು ವಿಶೇಷ ವಿನಂತಿ. ಕಾನೂನಿನ ದೃಷ್ಟಿಯಲ್ಲಿ ಜಮಾಅತ್‌ನ ಖಾತೆಯೂ ಒಬ್ಬನೇ ಠೇವಣಿದಾರ. ಕಟ್ಟಡ ನಿಧಿಯ ಇಪ್ಪತ್ತು ಲಕ್ಷವನ್ನು ಒಂದೇ ಸಣ್ಣ ಬ್ಯಾಂಕಿನಲ್ಲಿಟ್ಟು ಆ ಬ್ಯಾಂಕು ಮುಳುಗಿದರೆ, ವಿಮೆಯಿಂದ ಬರುವುದು ಐದು ಲಕ್ಷ. ಉಳಿದ ಹದಿನೈದಕ್ಕಾಗಿ ಸಮಾಪನಾಧಿಕಾರಿಯ ಮುಂದೆ ಕಾಯಬೇಕು. ಸಾಲ ವಸೂಲಾಗಿ, ಆಸ್ತಿ ಮಾರಾಟವಾಗಿ, ಏನಾದರೂ ಉಳಿದರೆ ಸಿಗುತ್ತದೆ. ಅದು ಸಮುದಾಯದ ಹಣ, ಹತ್ತು ರೂಪಾಯಿ ಕೊಟ್ಟ ಕೂಲಿಯಾಳಿನದೂ ಅದರಲ್ಲಿದೆ. ಮುಂದಿನ ಜುಮಾದ ನಂತರ ಪ್ರತಿ ಮಸೀದಿಯ ಮುತವಲ್ಲಿಯೂ ನಿಧಿ ಯಾವ ಬ್ಯಾಂಕಿನಲ್ಲಿ, ಎಷ್ಟಿದೆ ಎಂಬುದನ್ನು ಓದಿ ಹೇಳಲಿ, ಸೂಚನಾ ಫಲಕದಲ್ಲೂ ಬರೆದು ಹಾಕಲಿ.